ಅಪ್ಪನ ಮೀನಿಗೊಂದು ಗಟ್ಟಿ ಗ್ರಿಲ್ಲು

ನಾನು ಅಕ್ಕನಿರುವ ಪರದೇಶದ ಊರು ಸ್ಯಾನ್ ರಮೋನಿಗೆ ಬಂದಿಳಿದ ಮೊದಲ ಬೆಳಗ್ಗೆ ಆಕಾಶ ಆರತಿ ನೀರಿನ ಬಣ್ಣಕ್ಕಿತ್ತು. ಎಲ್ಲೋ ಬೆಟ್ಟದಾಚೆ ಕಾಡು ಉರಿಯುತ್ತಿತ್ತು. ಕಾರಿನ ಮೇಲೆ ಬೂದಿ, ಗುಲಾಬಿಯ ಮೇಲೆ ಬೂದಿ, ಬೀದಿಯಲ್ಲಿ ಒಂದು ನಾಯಿಯ ದನಿಯೂ ಇಲ್ಲ. ಒಳಗೆ ಅಕ್ಕನ ಒಲೆಯೆಂದರೆ ಒಂದು ಕರಿಗಾಜಿನ ಹಲಗೆ. ಕಿಡಿಯಿಲ್ಲ, ಜ್ವಾಲೆಯಿಲ್ಲ, ಆದರೂ ಹಾಲು ಉಕ್ಕುತ್ತಿತ್ತು. ನಮ್ಮ ಮಂಡ್ಯದಲ್ಲಿ ಬೆಂಕಿ ಒಲೆಯಲ್ಲಿರುತ್ತದೆ, ಆಕಾಶ ತನ್ನ ಪಾಡಿಗಿರುತ್ತದೆ. ಇಲ್ಲಿ ಎರಡೂ ಜಾಗ ಬದಲಾಯಿಸಿಕೊಂಡಿದ್ದವು.

ಓದಲು ಬಂದ ನಾನು ಅಕ್ಕನ ಮನೆಯಲ್ಲೇ ಠಿಕಾಣಿ ಹೂಡಿದೆ. ಕಂಡವರ ದನಿ ಕದಿಯುವುದು ನನ್ನ ಹುಟ್ಟುಗುಣ. ಮೀಟಿಂಗಿನಲ್ಲಿ ಮಾತ್ರ ಗಡುಸಾಗುವ ಭಾವನ ಗಂಟಲು, ಪಕ್ಕದ ಮನೆಯ ಮುದುಕಿ ಮಾರ್ಥಾಳ ರಾಗದ ‘ಹಾಯ್ ಹನಿ’, ಎಲ್ಲವೂ ಬೇಗ ನನ್ನ ಬಾಯಿಗೆ ಬಂದವು. ನಿನ್ನ ಸ್ವಂತ ಇಂಗ್ಲಿಷ್ ಯಾವುದಪ್ಪಾ ಎಂದರೆ ಮಾತ್ರ ಬಾಯಿ ಕಟ್ಟುತ್ತದೆ. ಒಂದೇ ಒಂದು ದನಿಗೆ ಅಕ್ಕ ನಿಷೇಧ ಹೇರಿದ್ದಳು: ಅಪ್ಪನ ಕೆಮ್ಮು. ಎರಡು ಚಿಕ್ಕದು, ಒಂದು ಉದ್ದ. ಅಪ್ಪ ಹೊಸಿಲು ದಾಟುವ ಮುಂಚೆ ಅದು ದಾಟುತ್ತಿತ್ತು. ಅದನ್ನೇ ಕೆಮ್ಮಿ ನಾನು ಅಕ್ಕನನ್ನು ಎಷ್ಟೋ ಸಲ ಬೆಚ್ಚಿಬೀಳಿಸಿದ್ದೆ. ಹೋದ ವರ್ಷ ಅಪ್ಪ ತೀರಿಕೊಂಡಾಗ ಅಕ್ಕ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪಿತೃಪಕ್ಷ ಹತ್ತಿರ ಬಂತು. ನಮ್ಮ ಕಡೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ ಎಡೆ ಇಡುತ್ತಾರೆ. ಆಮೇಲೆ ಬಾಗಿಲು ಮುಚ್ಚಿ ಮನೆಮಂದಿಯೆಲ್ಲ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗಲಿ ಅಂತ.

“ಊರಲ್ಲಿ ಅಮ್ಮ ಹೆಂಗೂ ಇಡ್ತಾಳೆ. ಅಪ್ಪಂಗೆ ಪಾಸ್‌ಪೋರ್ಟೇ ಇರ್ಲಿಲ್ಲ, ಇಲ್ಲಿಗೆಲ್ಲಿ ಬರ್ತಾರೆ?” ಅಂದೆ.

ಅಕ್ಕ ನಗಲಿಲ್ಲ. “ಒಂದ್ಸಲ ಬಂದ್ರೆ ಸಾಕು ಕಣೋ. ಕೆಂಡದಲ್ಲಿ ಸುಟ್ಟ ಮೀನಿಲ್ಲದೆ ಬರಲ್ಲ.”

ಗಾಜಿನ ಹಲಗೆಯ ಮೇಲೆ ಕೆಂಡ ಎಲ್ಲಿಂದ ತರುವುದು? ಗ್ರಿಲ್ಲು ಹುಡುಕಿಕೊಂಡು ಹತ್ತಿರದ ಊರು ವಾಲ್ನಟ್ ಕ್ರೀಕಿಗೆ ಹೋದೆವು. ಹಿತ್ತಿಲಲ್ಲಿಟ್ಟು ಮಾಂಸ, ಮೀನು ಸುಡುವ ಈ ಮುಚ್ಚಳದ ಒಲೆಗಳು ಅಂಗಡಿ ತುಂಬಾ ಬಾಯಿ ತೆರೆದು ನಿಂತಿದ್ದವು. ಭಾವ ಫೋನಿನಲ್ಲಿ ರಿವ್ಯೂ ಓದುತ್ತಾ ಗ್ಯಾಸಿನ ಗ್ರಿಲ್ಲು ತೋರಿಸಿದರು. “ಗ್ಯಾಸಲ್ಲಿ ಸುಟ್ರೆ ನಮ್ಮಪ್ಪ ಮೂಗು ಮುರೀತಾರೆ ರೀ” ಎಂದು ಅಕ್ಕ ಇದ್ದಿಲಿನವುಗಳತ್ತ ನಡೆದಳು. ಸಂತೆಯಲ್ಲಿ ದೋಸೆ ಹೆಂಚು ಕೊಳ್ಳುವಂತೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು. ತೆಳು ತಗಡು ಕೊರ್ ಎಂದಿತು. ಮೂಲೆಯಲ್ಲಿದ್ದ ದಪ್ಪ ಉಕ್ಕಿನದು, ಒಳಗೆ ಬೀಡುಕಬ್ಬಿಣದ ಸರಳುಗಳಿದ್ದದ್ದು, ಗುಡಿಯ ಗಂಟೆಯಂತೆ ಬಹಳ ಹೊತ್ತು ಗುನುಗಿತು.

“ಎಣ್ಣೆ ಸವರಿ ಪಳಗಿಸಿದರೆ ಇಪ್ಪತ್ತು ವರ್ಷಕ್ಕೆ ಮೋಸವಿಲ್ಲ” ಎಂದ ಅಂಗಡಿಯವನು, ಅವನ ಇಂಗ್ಲಿಷಿನಲ್ಲಿ. ಅದನ್ನೇ ಅವನ ಮೂಗುದನಿಯಲ್ಲಿ ನಾನು ಮತ್ತೆ ಹೇಳಿದೆ. ಅಕ್ಕ ಭಾವನ ಕಡೆ ತಿರುಗಿದಳು.

“ಇಪ್ಪತ್ತು ವರ್ಷ ಇಲ್ಲೇ ಇರ್ತೀವಾ?”

ಅಕ್ಕನ ಮನೆಯಲ್ಲಿ ಭಾರದ್ದು ಏನೂ ಇಲ್ಲ. ಮಡಿಚುವ ಮೇಜು, ಗಾಳಿ ತುಂಬುವ ಹಾಸಿಗೆ. ‘ಇನ್ನೆರಡು ವರ್ಷ, ಊರಿಗೆ ಹೊರಟ್ವಿ’ ಎಂಬುದು ಅವಳ ನಿತ್ಯಮಂತ್ರ. ಆದರೂ ಕೈ ಆ ಉಕ್ಕಿನ ಮೇಲಿಂದ ಏಳಲಿಲ್ಲ. ಕೊನೆಗೆ ಅದೇ ಮನೆಗೆ ಬಂತು. ಇಳಿಸುವಾಗ ಭಾವನ ಸೊಂಟ ಹಿಡಿಯಿತು. ಅವರ ‘ಅಯ್ಯಯ್ಯೋ’ ಈಗ ನನ್ನ ಸಂಗ್ರಹದಲ್ಲಿದೆ.

ಅಮಾವಾಸ್ಯೆಯ ಹೊತ್ತಿಗೆ ಹೊಗೆ ಸರಿದು ಸಂಜೆ ತಿಳಿಯಾಗಿತ್ತು. ಇಲ್ಲಿ ತಿಲಾಪಿಯಾ ಅಂತ ಮಾರುವುದು ನಮ್ಮ ನಾಲೆಯ ಜಿಲೇಬಿ ಮೀನೇ. ಕೆಂಡದ ಮೇಲೆ ಅದರ ಚರ್ಮ ಚಿಟಿಚಿಟಿ ಎಂದಿತು. ನಡುಮನೆಯಲ್ಲಿ ಎಡೆ ಬಡಿಸಿ, ಪರದೆ ಎಳೆದು, ಮುಂಬಾಗಿಲಿನಿಂದ ಹೊರಬಂದು ಅದನ್ನು ಎಳೆದುಕೊಂಡೆವು.

ಕ್ಲಿಕ್.

ಈ ಬಾಗಿಲು ತಾನಾಗಿಯೇ ಬೀಗ ಹಾಕಿಕೊಳ್ಳುವ ಜಾತಿಯದು. ಊರಿನ ಚಿಲಕಕ್ಕೆ ಅಷ್ಟು ಬುದ್ಧಿಯಿಲ್ಲ. ಬೀಗದಕೈ ಒಳಗೆ, ಮೂವರ ಫೋನೂ ಒಳಗೆ.

“ಮಾವ, ಊಟ ಆದ್ಮೇಲೆ ಸ್ವಲ್ಪ ಬಾಗಿಲು ತೆಗೀರಿ” ಎಂದರು ಭಾವ. ನಾನು ನಕ್ಕೆ.

ಪಕ್ಕದ ಗೇಟಿನಿಂದ ಹಿತ್ತಿಲಿಗೆ ಹೋದೆವು. ಗಾಜಿನ ಬಾಗಿಲಿಗೂ ಒಳಗಿಂದಲೇ ಚಿಲಕ. ಚಳಿಗೆ ಗ್ರಿಲ್ಲಿನ ಸುತ್ತ ನಿಂತೆವು; ಮುಚ್ಚಳ ಇನ್ನೂ ಬಿಸಿಯಿತ್ತು. ಬೇಲಿಯ ಮೇಲೆ ಮಾರ್ಥಾಳ ಬಿಳಿತಲೆ ಮೂಡಿತು.

“ಏನಾಯಿತು, ಹನಿ?”

ಬಾಗಿಲು ಹಾಕಿಕೊಂಡಿತು ಎಂದಳು ಅಕ್ಕ.

“ಒಳಗಿದ್ದಾರಲ್ಲ, ಅವರಿಗೆ ತೆಗೆಯಲು ಹೇಳಿ. ಈಗ ತಾನೆ ಕೆಮ್ಮಿದರು. ಎರಡು ಚಿಕ್ಕದು, ಆಮೇಲೆ ಒಂದು ಉದ್ದ. ಡಾಕ್ಟರಿಗೆ ತೋರಿಸಿ, ಪಾಪ.”

ಅಕ್ಕ ಮೆಲ್ಲನೆ ನನ್ನ ಕಡೆ ತಿರುಗಿದಳು. “ನೀನಾ?”

“ಇಲ್ಲಕ್ಕ.”

“ತಮಾಷೆ ಮಾಡ್ಬೇಡ ಕಣೋ.”

“ನಿನ್ನಾಣೆ, ನಾನಲ್ಲ.”

ಹುಟ್ಟಿದಾಗಿನಿಂದ ಸುಳ್ಳು ದನಿ ಮಾರಿದವನ ಮಾತನ್ನು ಯಾರು ನಂಬುತ್ತಾರೆ? ಆದರೆ ಅಕ್ಕ ನನ್ನ ಗಂಟಲನ್ನೇ ನೋಡುತ್ತ ನಿಂತಳು, ನಂಬಲು ಕಾದವಳಂತೆ. ಆಮೇಲೆ ಪರದೆ ಎಳೆದ ಗಾಜಿನತ್ತ ತಿರುಗಿ, “ನಿಧಾನಕ್ಕೆ ಊಟ ಮಾಡಪ್ಪ, ಮುಳ್ಳಿದೆ” ಎಂದಳು.

ಮಾರ್ಥಾ ಕೊಟ್ಟ ಏಣಿಯಿಂದ ಭಾವ ಮಹಡಿಯ ತೆರೆದ ಕಿಟಕಿ ಹತ್ತಿ ಒಳಗಿಳಿದರು. ಮೀನು ಎಲೆಯ ಮೇಲೆ ಹಾಗೇ ಇತ್ತು. ಅಕ್ಕ ಅದನ್ನು ನೋಡಲೂ ಇಲ್ಲ.

ಮೊನ್ನೆ ಮನೆ ಮಾಲೀಕ ಬಾಡಿಗೆ ಏರಿಸಿದ. ಪಕ್ಕದ ಊರು ಡ್ಯಾನ್‌ವಿಲ್ಲಿನಲ್ಲಿ ಚೆನ್ನಾಗಿರುವ ಮನೆಯೊಂದಿದೆ, ನೋಡೋಣ ಎಂದರು ಭಾವ. ಅಕ್ಕ ಗ್ರಿಲ್ಲಿನ ಸರಳಿಗೆ ಎಣ್ಣೆ ಸವರುತ್ತಿದ್ದಳು.

“ಬೇಡ ರೀ. ಅಪ್ಪಂಗೆ ಈಗಷ್ಟೇ ದಾರಿ ಗೊತ್ತಾಗಿದೆ.”

‘ಇನ್ನೆರಡು ವರ್ಷ’ದ ಮಂತ್ರವನ್ನು ಅವಳು ಬಿಟ್ಟಿಲ್ಲ, ಈಗಲೂ ಜಪಿಸುತ್ತಾಳೆ. ಯಾರೂ ಇಲ್ಲದಾಗ ನಾನು ಆ ಕೆಮ್ಮನ್ನು ಕೆಮ್ಮಿ ನೋಡುತ್ತೇನೆ. ಚಿಕ್ಕವು ಎರಡೂ ಬರುತ್ತವೆ. ಉದ್ದನೆಯದು ಎಷ್ಟು ತಿಣುಕಿದರೂ ನನ್ನ ಗಂಟಲಿಗೆ ಬರುತ್ತಿಲ್ಲ.