ಹೊಗೆಯ ಕೊಳವೆ ಮುಚ್ಚಿದ ಉಸ್ತಾದ

ಅವರ ಕಿರುಬೆರಳಿನ ಉದ್ದನೆಯ ಉಗುರು ಒಂದು ದಿನವೂ ಕಪ್ಪಾದದ್ದನ್ನು ನಾನು ಕಾಣೆ. ಮೋಟಾರು ನಡೆಸುವವನ ಉಗುರು ಅಷ್ಟು ಬೆಳ್ಳಗಿದ್ದರೆ ಅವನ ವಿದ್ಯೆ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಆದರೂ ಉದಗೀರದಲ್ಲಿ ಎಲ್ಲರೂ ಅವರನ್ನು ಉಸ್ತಾದ ಎನ್ನುತ್ತಿದ್ದರು. ನಿಜಾಮನ ಕಾಲ, ಊರಿಗಿದ್ದದ್ದು ಒಂದೇ ಮೋಟಾರು, ಜಾಗೀರದಾರರದು. ನಡೆಸುವವರು ಅವರು, ಒರೆಸುವವನು ನಾನು, ಇಬ್ಬರು ಮಕ್ಕಳ ತಂದೆಯಾದ ಮೇಲೂ.

ಇಂಜಿನ್ನಿನ ಮಗ್ಗುಲಲ್ಲಿ ಒಂದು ಕೊಳವೆಯಿತ್ತು. ಮೇಲೆ ಉರಿದ ಹೊಗೆ ಪಿಸ್ಟನ್ನಿನ ಸಂದಿಯಿಂದ ಸ್ವಲ್ಪ ಕೆಳಗೆ, ಎಣ್ಣೆ ತುಂಬಿದ ಹೊಟ್ಟೆಗೆ ನುಸುಳುತ್ತದೆ. ಅದು ಹೊರಗೆ ಹೋಗಲೆಂದೇ ಆ ಕೊಳವೆ. ಉಸ್ತಾದರಿಗೆ ಆ ಹೊಗೆ ಕಂಡರಾಗದು.

"ದಮ್ಮೆಲ್ಲಾ ಹೊರಗ ಹೊಂಟದ. ಅದಕ್ಕೇ ಗಾಡಿ ಗುಡ್ಡದ ಚಡಾವ ಏರಲ್ಲ," ಎನ್ನುತ್ತಿದ್ದರು. ಎದುರು ಹೇಳುವವರು ಊರಲ್ಲಿ ಯಾರಿದ್ದರು?

ಒಂದು ದಿನ ಜಾಗೀರದಾರರನ್ನು ಕೂರಿಸಿಕೊಂಡು ನಿಲಂಗಾಕ್ಕೆ ಹೊರಟೆವು. ಅರ್ಧ ದಾರಿಗೆ ಎಣ್ಣೆ ಸುರಿಯತೊಡಗಿತು. ಉಸ್ತಾದರು ಗಾಡಿ ನಿಲ್ಲಿಸಿ, ಕೆಳಗಿಳಿಯದೆಯೇ ಅಂದರು: "ಕ್ಲೀನರ್ ನಟ್ಟು ಬಿಗಿ ಮಾಡಿಲ್ರೀ ಹುಜೂರ್."

ಜಾಗೀರದಾರರು ನನ್ನನ್ನು ನೋಡಿದರು. "ಇವತ್ತ ಗಾಡಿ ಕೆಟ್ರ ನಾಳಿ ನೀ ಬರಬ್ಯಾಡ."

ಗಾಡಿಯಡಿ ನುಸುಳಿದೆ. ನಟ್ಟುಗಳೆಲ್ಲ ಬಿಗಿಯಾಗಿಯೇ ಇದ್ದವು. ಕೊಳವೆಯ ಬಾಯಲ್ಲಿ ಗಟ್ಟಿಯಾಗಿ ತುರುಕಿದ ಕರಿಕಂಬಳಿಯ ತುಂಡು ಕಂಡಿತು. ನನ್ನದೇ ಕಂಬಳಿ, ಅಂಚು ಹರಿದದ್ದು ಇಲಿಯ ಕೆಲಸವೆಂದುಕೊಂಡಿದ್ದೆ. ನಮ್ಮದು ಕುರಿ ಸಾಕುವ ಮನೆ. ಹೊಟ್ಟೆ ಉಬ್ಬಿದ ಕುರಿಯ ಗಾಳಿ ಬಿಡಿಸದಿದ್ದರೆ ಏನಾಗುತ್ತದೆಂದು ನನಗೆ ಯಾರೂ ಕಲಿಸಬೇಕಿರಲಿಲ್ಲ. ಹೊರಗೆ ದಾರಿಯಿಲ್ಲದ ಹೊಗೆ ಎಣ್ಣೆಯನ್ನು ಸಂದುಸಂದಿನಿಂದ ದಬ್ಬುತ್ತಿತ್ತು. ತುಂಡನ್ನು ಎಳೆದು ತೆಗೆದೆ. ಮುಂದೆ ನಿಲಂಗಾದವರೆಗೆ ಎಣ್ಣೆ ಸುರಿಯಲಿಲ್ಲ.

ಅಲ್ಲಿ ತುಂಡನ್ನು ಜಾಗೀರದಾರರಿಗೆ ತೋರಿಸಿದೆ. ಶಹಬ್ಬಾಸ್ ಸಿಗುತ್ತದೆಂಬ ಆಸೆ, ಸುಳ್ಳೇಕೆ ಹೇಳಲಿ. ಉಸ್ತಾದರು ಅದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಹೆಗಲ ಕಂಬಳಿಯ ಅಂಚಿಗೆ ಹಿಡಿದರು.

"ಕಂಬಳಿ ಇಂವಂದೇ ಅದ ನೋಡ್ರಿ ಹುಜೂರ್. ತುರುಕಿದಾಂವಗೇ ಗೊತ್ತಿರ್ತದ, ಎಲ್ಲಿ ತುರುಕ್ಯಾನ ಅಂತ."

ಜಾಗೀರದಾರರಿಗೆ ಅದು ಸರಿಕಂಡಿತು. ನನ್ನನ್ನು ನಿಲಂಗಾದಲ್ಲೇ ಬಿಟ್ಟು ಹೋದರು.

ಊರಿಗೆ ಮರಳಲು ಮುಖವಿಲ್ಲದೆ ಉಮರ್ಗಾ ಸೇರಿದೆ. ಹೈದರಾಬಾದಿನ ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಬಿಚ್ಚಿ ಜೋಡಿಸುತ್ತಾ, ಹೆಂಡತಿ ಮಕ್ಕಳನ್ನು ಕರೆಸಿಕೊಂಡು, ಕಡೆಗೆ ಮಿಸ್ತ್ರಿ ಎನಿಸಿಕೊಂಡೆ.

ಉಸ್ತಾದರು ತೀರಿಕೊಂಡಾಗ ಮಣ್ಣಿಗೆಂದು ಉದಗೀರಕ್ಕೆ ಹೋಗಿದ್ದೆ. ಗುರುತಿನ ಮುದುಕರೊಬ್ಬರು ಕಣ್ಣೊರೆಸಿಕೊಂಡು ಕೇಳಿದರು: "ನಿನ್ನ ಮಿಸ್ತ್ರಿ ಮಾಡಿದಾಂವಾ ಅಂವನೇ ಅಲ್ಲೇನಪಾ?"

ಅಲ್ಲ ಎನ್ನಲು ಬಾಯಿ ತೆರೆದೆ. ಆದರೆ ಆ ಮನುಷ್ಯ ನನ್ನನ್ನು ಹೊರಗೆ ಹಾಕಿಸದಿದ್ದರೆ ನಾನು ಸಾಯುವವರೆಗೂ ಅವನ ಗಾಡಿ ಒರೆಸಿಕೊಂಡೇ ಇರುತ್ತಿದ್ದೆ.

"ಹೌದ್ರೀ," ಎಂದೆ. ಬಾಯೆಲ್ಲ ಕಹಿಯಾಯಿತು.