ಗುಡ್ಡಪ್ಪ ಕಟ್ಟಿಸಿದ ಕೆರೆ

ಕೆಮ್ಮಣ್ಣುಗುಂಡಿಯ ಇಳಿಜಾರಿನಲ್ಲಿ ನಮ್ಮೂರ ಮೇಲಿರುವ ಆ ನೀರನ್ನು ಯಾರೂ ಕಟ್ಟಿಸಿದ್ದಲ್ಲ. ಇದನ್ನು ಇನ್ನೆಷ್ಟು ಸಲ ಹೇಳಬೇಕೋ! ನಾನು ಚಿಕ್ಕವಳಿದ್ದಾಗ ಒಂದು ಮಳೆಗಾಲದಲ್ಲಿ ಗುಡ್ಡದ ಮಗ್ಗುಲು ಜರಿದು ಹಳ್ಳಕ್ಕೆ ಅಡ್ಡ ಬಿತ್ತು. ನೀರು ಹಿಂದಕ್ಕೆ ನಿಂತು ಕಾಡಿನೊಳಗೆ ಏರಿತು. ಮತ್ತಿ, ನಂದಿ, ಹೊನ್ನೆ ಎಲ್ಲ ನಿಂತಲ್ಲೇ ಮುಳುಗಿದವು. ಮೊದಲು ಎಲೆ ಹೋಯಿತು, ಆಮೇಲೆ ತೊಗಟೆ. ಈಗ ಬೋಳು ಕಾಂಡಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತವೆ. ನೀರು ಏರುವ ಮೊದಲು, ನಡುವಿನ ದೊಡ್ಡ ಹೊನ್ನೆಯ ಬುಡದಲ್ಲಿ ಅಮ್ಮ ಸೌದೆಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳು, ನಾನು ಅವಳ ತೊಡೆಯ ಮೇಲೆ ಮಲಗುತ್ತಿದ್ದೆ. ಅಮ್ಮ ಹೋದಳು, ಮರ ಇದೆ.

ಕೆರೆಗಳ ಪಟ್ಟಿ ಮಾಡಲು ಕಚೇರಿಯವನೊಬ್ಬ ಬಂದಾಗ ಅಪ್ಪ ಇನ್ನೂ ಇದ್ದರು. ಕೆಳಗೆ ಕಡೂರಿನ ಬಯಲಲ್ಲಿ ಕೆರೆ ಎಂದರೆ ಏರಿ, ತೂಬು, ಕೋಡಿ, ಕಟ್ಟಿಸಿದವರ ಹೆಸರು. ಅವನ ಕಾಗದದಲ್ಲೂ ಅಷ್ಟೇ ಇತ್ತು.

“ಕಟ್ಟಿಸ್ದೋರು ಯಾರು?”

“ಇನ್ಯಾರು? ಗುಡ್ಡ, ಅಪ್ಪಾ,” ಎಂದರು ನಮ್ಮಪ್ಪ.

ಅವನು ‘ಗುಡ್ಡಪ್ಪ’ ಎಂದು ಬರೆದುಕೊಂಡ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ವರ್ಷಗಟ್ಟಲೆ ನಕ್ಕೆವು.

ಹೋದ ಬೇಸಿಗೆಯಲ್ಲಿ ನಗು ನಿಂತಿತು. ‘ಗುಡ್ಡಪ್ಪನ ಕೆರೆ’ಯನ್ನು ಸ್ವಚ್ಛ ಮಾಡಿ, ಒಣಮರಗಳನ್ನೆಲ್ಲ ಕಡಿದು, ಟೂರಿಸ್ಟರಿಗೆ ದೋಣಿ ಬಿಡುತ್ತಾರಂತೆ. ಕಚೇರಿಯ ಸಾಹೇಬರು ಶಾಲೆಯ ಅಂಗಳದಲ್ಲಿ ಸಭೆ ಸೇರಿಸಿದರು. ನಾನು ಎದ್ದು ನಿಂತೆ.

“ಅದು ಕೆರೆನೇ ಅಲ್ಲ ಕಣ್ರೀ. ಗುಡ್ಡ ಜರಿದು ನಿಂತಿರೋ ನೀರು. ಆ ಮರಗಳೇ ಸಾಕ್ಷಿ. ಅವನ್ನೇ ಕಡಿದ್ರೆ?”

“ಸತ್ತ ಮರ ಕಣಮ್ಮ, ಯಾರಿಗೇನು ಉಪಯೋಗ?” ಎಂದರು ಸಾಹೇಬರು. “ದಾಖಲೆ ದಾಖಲೆನೇ. ಕಟ್ಟಿಸ್ದೋರ ಮನೆಯೋರು ಯಾರಾದ್ರೂ ಇದ್ರೆ ತಕರಾರು ಬರ್ಕೊಡ್ಲಿ, ಕೆಲಸ ನಿಲ್ಲಿಸ್ತೀನಿ.”

ನಾನು ಪೆನ್ನು ಇಸಿದುಕೊಂಡೆ. ಒಂದು ಮರವನ್ನೂ ಮುಟ್ಟಲು ಒಪ್ಪಿಗೆ ಇಲ್ಲ ಎಂದು ಬರೆದು, ಕೆಳಗೆ ಸಹಿ ಹಾಕಿದೆ: ಗುಡ್ಡಪ್ಪನ ಮೊಮ್ಮಗಳು.

ಸಾಹೇಬರು ಕನ್ನಡಕ ಏರಿಸಿದರು. “ನಿಜವಾಗ್ಲೂ?”

“ಅವನ ಮಡ್ಲಲ್ಲೇ ಬೆಳ್ದಿದ್ದು ನಾನು. ಬೇಕಾದ್ರೆ ಅವನ್ನೇ ಕರ್ಸಿ ಕೇಳಿ.”

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ. ಸುಳ್ಳು ಬರೆದೆ ಅನ್ನುವವರು ಅನ್ನಲಿ, ಶುರು ಮಾಡಿದ್ದು ಕಚೇರಿಯವರು. ಆಮೇಲೆ ಗರಗಸ ಹಿಡಿದು ಯಾರೂ ಬಂದಿಲ್ಲ. ಬಂದರೆ, ಮೊಮ್ಮಗಳು ಮನೆಯಲ್ಲೇ ಇದ್ದಾಳೆ.