ಇಲಿ ಓಡಿಸುವ ಮೆಷಿನ್ನು, ಗಣಪನ ಕೊಬ್ಬರಿ ಬೆಲ್ಲ

ನಮ್ಮೆಜಮಾನರು ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು ತಂದು, ಸೀಟು ಕಿತ್ತುಹಾಕಿ, ಮಂಚ, ಒಲೆ, ಸಿಂಕು ಕೂರಿಸಿ ಅದನ್ನು ಮನೆ ಮಾಡಿದರು. ಇರುವ ಮನೆ ಸಾಲದೆ ಗಾಡಿಯಲ್ಲಿ ಯಾಕೆ ಮಲಗಬೇಕು ಎಂದು ಕೇಳಿದೆ. "ಅವ್ವಂಗೆ ಸಮುದ್ರ ತೋರಿಸ್ಬೇಕು ಕಣೆ. ಲಾಡ್ಜ್ ಅಂದ್ರೆ ಬರಾಕಿಲ್ಲ" ಅಂದರು. ಸಮುದ್ರ ತೋರಿಸುತ್ತೇನೆ ಎಂದು ಮಾವನವರೂ ಬದುಕಿರುವಷ್ಟು ಕಾಲ ಅತ್ತೆಗೆ ಹೇಳುತ್ತಲೇ ಇದ್ದರು.

ಗಾಡಿ ನಿಂತದ್ದು ಹೊಳೆನರಸೀಪುರದ ನಮ್ಮ ಮನೆಯ ಹಿಂದೆ, ಕೊಬ್ಬರಿ ಶೆಡ್ಡಿನ ಪಕ್ಕ. ಇಲಿಗೆ ಇನ್ನೇನು ಬೇಕು? ಮೊದಲು ಹಾಸಿಗೆಯ ಮೂಲೆ ಹೋಯಿತು, ಆಮೇಲೆ ಹೆಡ್‌ಲೈಟಿನ ವೈರು. ಯಜಮಾನರು ಹಾಸನಕ್ಕೆ ಹೋಗಿ ನೀಲಿ ದೀಪದ ಒಂದು ಪುಟ್ಟ ಮೆಷಿನ್ನು ತಂದು ಗಾಡಿಯೊಳಗೆ ಹಚ್ಚಿಟ್ಟರು. ಮನುಷ್ಯರಿಗೆ ಕೇಳಿಸದ ಸದ್ದು ಮಾಡಿ ಇಲಿ ಓಡಿಸುತ್ತದಂತೆ.

"ಕೇಳ್ಸಲ್ಲ ಅಂದ್ಮೇಲೆ ಸದ್ದು ಮಾಡ್ತೈತೆ ಅಂತ ಎಂಗೆ ಗೊತ್ತು?" ಎಂದೆ.

"ಲೈಟ್ ಉರೀತೈತಲ್ಲ" ಅಂದರು. ಇವರ ಜೊತೆ ವಾದಕ್ಕೆ ಕೂತರೆ ಅನ್ನ ಸೀದುಹೋಗುತ್ತದೆ.

ಅತ್ತೆ ದೇವರ ಅಪ್ಪಣೆಯಿಲ್ಲದೆ ಹೊಸಿಲು ದಾಟುವವರಲ್ಲ. ಭತ್ತದ ನಾಟಿಗೂ ಹೂವಿನ ಪ್ರಸಾದ ಕೇಳಲೇಬೇಕು; ಮಾವನವರು ಸಮುದ್ರಕ್ಕೆ ಹೊರಡಿಸಿದಾಗಲೆಲ್ಲ ದೇವರ ತಲೆಯಿಂದ ಹೂ ಬೀಳದೆ ಪ್ರಯಾಣ ನಿಂತಿತ್ತು. ಗಾಡಿಯ ಡ್ಯಾಶ್‌ಬೋರ್ಡಿನ ಪುಟಾಣಿ ಗಣಪನ ತಲೆಯ ಮೇಲೆ ಹೂ ನಿಲ್ಲದ ಕಾರಣ ಹೊಸ ಪದ್ಧತಿ ಮಾಡಿಕೊಂಡರು. ಸಂಜೆ ಅವನ ಮುಂದೆ ಕೊಬ್ಬರಿ ಬೆಲ್ಲ ಇಡುವುದು, ಬೆಳಿಗ್ಗೆ ತಟ್ಟೆ ಖಾಲಿಯಾಗಿದ್ದರೆ ಅಪ್ಪಣೆ. ದಿನಾ ಖಾಲಿಯಾಗುತ್ತಿತ್ತು. ಮೆಷಿನ್ನು ಇರುವಾಗ ಇಲಿ ಬರುವಂತಿಲ್ಲ, ಹಾಗಾಗಿ ತಿಂದವನು ಗಣಪನೇ ಎಂದು ತಾಯಿ ಮಗ ಇಬ್ಬರಿಗೂ ಸಮಾಧಾನ. ಇಲಿ ಹಿಕ್ಕೆ ಗುಡಿಸುತ್ತಿದ್ದವಳು ಮಾತ್ರ ನಾನು.

ದಾರಿಯಲ್ಲಿ ವೈರು ಕಡಿದು ಗಾಡಿ ನಿಂತರೆ ಅತ್ತೆ ಇನ್ನೆಂದೂ ಹೊರಡುವುದಿಲ್ಲ ಎಂದು ನನಗೆ ಹೆದರಿಕೆ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಗುಟ್ಟಾಗಿ ಬೋನಿಟ್ಟೆ. ಕೊಬ್ಬರಿ ತಿಂದು ಕೊಬ್ಬಿದ್ದ ಇಲಿಯೊಂದು ಬಿತ್ತು. ಹೊಳೆಯ ದಂಡೆಗೆ ಒಯ್ದು ಬಿಟ್ಟು ಬಂದೆ. ಇದ್ದದ್ದು ಅದೊಂದೇ ಎಂದು ಬೆಳಿಗ್ಗೆ ಗೊತ್ತಾಯಿತು.

ಕೊಬ್ಬರಿ ಬೆಲ್ಲ ಇಟ್ಟ ಹಾಗೇ ಇತ್ತು. ಅತ್ತೆ ಕಟ್ಟಿಟ್ಟ ಬ್ಯಾಗು ಬಿಚ್ಚತೊಡಗಿದರು. "ಗಣಪ ಬ್ಯಾಡ ಅಂದವ್ನೆ ಕಣವ್ವ. ನೀವೇ ಓಗ್ಬನ್ನಿ."

ನನಗೆ ಅಳುವೇ ಬಂತು. ಯಜಮಾನರ ಕಿವಿಯಲ್ಲಿ ಬೋನಿನ ಸಂಗತಿ ಉಸುರಿದೆ. ಅವರು ತೆರೆದ ಬಾಗಿಲಿಂದ ಗಾಡಿಯೊಳಗಿನ ಮೆಷಿನ್ನನ್ನು ಒಮ್ಮೆ ನೋಡಿದರು. "ಇನ್ನೊಂದ್ ಗಳಿಗೆ ತಡಿಯವ್ವ, ಅವನಿನ್ನೂ ಎದ್ದಿಲ್ವೇನೋ" ಎಂದು ಒಬ್ಬರೇ ಗಾಡಿ ಹತ್ತಿ ಬಾಗಿಲು ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ಒಳಗಿಂದ ಕೂಗಿದರು, "ಅವ್ವಾ, ಖಾಲಿ ಆಗೈತೆ, ಬಾ."

ಅತ್ತೆ ಬಂದು ತಟ್ಟೆ ನೋಡಿದರು, ಮಗನ ಮುಖ ನೋಡಿದರು. ಮೀಸೆಯ ಮೇಲೆ ಬೆಲ್ಲದ ಪುಡಿ ಕೂತಿತ್ತು. ಸೆರಗಿನ ತುದಿಯಿಂದ ಅದನ್ನು ಮೆಲ್ಲಗೆ ಒರೆಸಿದರು.

"ನಿಮ್ಮಪ್ಪಂಗೆ ಇಷ್ಟು ಬುದ್ಧಿ ಇರ್ನಿಲ್ಲ ಕಣ್ಲಾ" ಅಂದರು. "ನಡಿ, ಅಪ್ಪಣೆ ಆಯ್ತು."